ಬೆಲ್ಲ ಗೊತ್ತು, ರಮ್ ಗೊತ್ತಿಲ್ಲ

ನಮ್ಮ ದೊಡ್ಡಪ್ಪ ಮಿಲಿಟರಿಯಲ್ಲಿ ಹವಾಲ್ದಾರ್ ಆಗಿ ರಿಟೈರಾಗಿ ಜಿನನಾಥಪುರಕ್ಕೆ ವಾಪಸ್ ಬಂದವರು. ತಿಂಗಳಿಗೊಮ್ಮೆ ಕ್ಯಾಂಟೀನಿಗೆ ಹೋಗಿ ಸೋಪು, ಬಿಸ್ಕೆಟ್ಟು, ಶೂ ಪಾಲಿಶಿನ ಜೊತೆ ಕೋಟಾದ ರಮ್ ಬಾಟ್ಲಿಯನ್ನೂ ತರುತ್ತಿದ್ದರು. ಬಾಟ್ಲಿಯ ಜಾಗ ಮನೆಯೊಳಗಲ್ಲ, ಕೊಟ್ಟಿಗೆಯ ಅಟ್ಟದ ಮೇಲೆ, ಹಳೇ ಗೋಣಿಚೀಲದೊಳಗೆ. ರಾತ್ರಿ ಊಟಕ್ಕೆ ಮುಂಚೆ ಅಲ್ಲಿಗೆ ಹೋಗಿ, ಮುಚ್ಚಳದಲ್ಲಿ ಅಳೆದು ಸ್ಟೀಲ್ ಲೋಟಕ್ಕೆ ಹುಯ್ಕೊಂಡು, ಬಿಸಿನೀರು ಬೆರೆಸಿ, ನಿಂತೇ ಕುಡಿದು, ಲೋಟ ತೊಳೆದಿಟ್ಟು ಬರುತ್ತಿದ್ದರು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಮಾತಾಡುತ್ತಿರಲಿಲ್ಲ.

ಇದೇ ದೊಡ್ಡಪ್ಪನನ್ನು ನೀವು ಆಲೆಮನೆಯಲ್ಲಿ ನೋಡಬೇಕಿತ್ತು. ಇನ್ನೂ ಬಿಸಿ ಆರದ ಬೆಲ್ಲದ ಚೂರೊಂದನ್ನು ನಾಲಿಗೆ ಮೇಲಿಟ್ಟು ಕಣ್ಣು ಮುಚ್ಚೋರು. "ಇದು ಕೂಳೆ ಕಬ್ಬು ಕಣಪ್ಪ. ಸುಣ್ಣ ಒಂಚೂರು ಜಾಸ್ತಿ ಬಿದ್ದದೆ. ಕೊನೇಲಿ ಉರಿ ಜೋರಾಗಿ ತಳ ಹಿಡಿಯಕ್ಕೆ ಬಂದದೆ" ಅನ್ನೋರು. ಬೆಲ್ಲ ಹಾಕಿದವನು ತಲೆ ಕೆರ್ಕೊಂಡು ಹೂಂ ಅನ್ನುತ್ತಿದ್ದ. ಒಂದು ಸಲ ನಾನು ಧೈರ್ಯ ಮಾಡಿ ಕೇಳಿದೆ: "ದೊಡ್ಡಪ್ಪ, ರಮ್ಮು ಹೆಂಗಿರ್ತದೆ?" ಅವರು ಮುಖ ಆಚೆ ತಿರುಗಿಸಿ, "ಘಾಟು. ಒಳಗೆ ಬೆಚ್ಚಗಾಯ್ತದೆ. ಇನ್ನೇನಿರ್ತದೆ?" ಅಂದರು.

ಇನ್ನೇನಿರ್ತದೆ ಅನ್ನೋ ಪ್ರಶ್ನೆ ನನ್ನ ತಲೆಯಲ್ಲಿ ಇಪ್ಪತ್ತು ವರ್ಷ ಉಳಿಯಿತು. ಬೆಲ್ಲದ ಪಾಕದಲ್ಲಿ ಎಳೆ ಎಳೆಯಾಗಿ ರುಚಿ ಬಿಡಿಸಿ ಹೇಳಬಲ್ಲ ನಾಲಿಗೆ, ಅದೇ ಕಬ್ಬಿನಿಂದ ಬಂದ ಪಾನೀಯದ ಮುಂದೆ ಯಾಕೆ ಮೂಕವಾಗುತ್ತೆ? ಕನ್ನಡದಲ್ಲಿ ಸಂಗೀತಕ್ಕೆ, ಸಿನಿಮಾಕ್ಕೆ, ಮಸಾಲೆದೋಸೆಗೆ ಕೂಡ ವಿಮರ್ಶೆ ಇದೆ. ರಮ್ಮಿಗೆ ಯಾಕಿಲ್ಲ?

ಮೊದಲ ಉತ್ತರ ನಮ್ಮೂರಲ್ಲೇ ಸಿಗುತ್ತೆ. ಜಿನನಾಥಪುರ ಅಂದರೆ ಶ್ರವಣಬೆಳಗೊಳದ ಪಕ್ಕದ ಊರು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ 12ನೇ ಶತಮಾನದಲ್ಲಿ ಕಟ್ಟಿಸಿದ ಊರು. ಆಮೇಲೆ ರೇಚಣ ಅನ್ನೋ ಮಂತ್ರಿ ಕಟ್ಟಿಸಿದ ಶಾಂತಿನಾಥ ಬಸದಿ ಇವತ್ತಿಗೂ ನೋಡಿದವರ ಬಾಯಿ ಕಟ್ಟಿಸುತ್ತೆ. ಇಂಥ ಊರಲ್ಲಿ ಮದ್ಯ ಅನ್ನೋದು ಬರೀ ಕೆಟ್ಟ ಚಾಳಿ ಅಲ್ಲ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಗೃಹಸ್ಥನಿಗೆ ಹೇಳುವ ಎಂಟು ಮೂಲಗುಣಗಳಲ್ಲಿ ಮದ್ಯ, ಮಾಂಸ, ಮಧು ಈ ಮೂರನ್ನು ಬಿಡೋದೂ ಸೇರಿದೆ. ನಾವು ಜೈನರಲ್ಲದ ಒಕ್ಕಲು ಮನೆಯವರು. ಆದರೂ ಬೆಟ್ಟ ಕಾಣೋ ಕಡೆ ಬಾಟ್ಲಿ ತೆಗೀಬಾರದು ಅನ್ನೋದು ನಮ್ಮಜ್ಜಿಯ ಕಟ್ಟಪ್ಪಣೆ. ದೊಡ್ಡಪ್ಪ ಕೊಟ್ಟಿಗೆ ಆರಿಸಿಕೊಂಡಿದ್ದು ಅದಕ್ಕೇ. ಅಲ್ಲಿ ಕಿಟಕಿ ಇರಲಿಲ್ಲ.

ಮದ್ಯವನ್ನು ಬೈದವರು ಬಹಳ. ಅವರ ಪೈಕಿ ನನಗೆ ಹೆಚ್ಚು ಗೌರವ ಇರೋದು ಜೈನ ಆಚಾರ್ಯರ ವಾದದ ಮೇಲೆ. ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹೇಳೋದು ಅಮಲಿನ ಮಾತು ಮಾತ್ರ ಅಲ್ಲ. ಮದ್ಯ ಅನೇಕ ಜೀವಗಳು ಹುಟ್ಟೋ ಜಾಗ, ಕುಡಿದರೆ ಅವುಗಳ ಹಿಂಸೆ ಆಗುತ್ತೆ ಅಂತ. ಹುದುಗು ಬರಿಸೋದು ಜೀವ ಇರೋ ಯೀಸ್ಟು ಅಂತ ಲೂಯಿ ಪಾಶ್ಚರ್ ತೋರಿಸಿಕೊಟ್ಟಿದ್ದು 1850ರ ದಶಕದ ಕೊನೆಯಲ್ಲಿ. ಅದಕ್ಕೆ ಎಷ್ಟೋ ಶತಮಾನ ಮುಂಚೆ, ಸೂಕ್ಷ್ಮದರ್ಶಕ ಇಲ್ಲದೆ, ನೊರೆ ಬರುತ್ತಿರೋ ಗಡಿಗೆಯೊಳಗೆ ಜೀವ ಕುದೀತಾ ಇದೆ ಅಂದವರು ಇವರು. ಪಾತ್ರೆಯೊಳಗೆ ಏನು ನಡೀತಿದೆ ಅಂತ ಬಗ್ಗಿ ನೋಡಿ ಆಮೇಲೆ ಬೇಡ ಅಂದಿದ್ದಾರೆ. ಇವತ್ತಿನ ಉಪದೇಶಗಳು ಬಾಟ್ಲಿ ಕಡೆ ತಿರುಗಿಯೂ ನೋಡಲ್ಲ.

ಇನ್ನು ನಮ್ಮ ಸಾಹಿತ್ಯ. ಕನ್ನಡದ ಅತ್ಯಂತ ಪ್ರಸಿದ್ಧ ಕುಡುಕ ಜಿ.ಪಿ. ರಾಜರತ್ನಂ ಅವರ ರತ್ನ. ಅವನನ್ನು ಸೃಷ್ಟಿಸಿದ ಕೈಯೇ ಬೌದ್ಧ, ಜೈನ ಸಾಹಿತ್ಯವನ್ನೂ ಕನ್ನಡಕ್ಕೆ ತಂದಿದ್ದು ಅನ್ನೋದು ನನಗೆ ಯಾವಾಗಲೂ ಖುಷಿ ಕೊಡೋ ಸಂಗತಿ. ಆದರೆ ರತ್ನ ಕುಡಿಯೋದು ಹೆಂಡ. ಹೆಂಡಕ್ಕೆ ಕನ್ನಡ ಪದ್ಯ ಸಿಕ್ಕಿತು. ಸಾರಾಯಿಗೆ ಚಳವಳಿ ಸಿಕ್ಕಿತು. ರಮ್ಮಿಗೆ ಸಿಕ್ಕಿದ್ದು ಒಂದು ಕಡೆ ಉಪದೇಶ, ಇನ್ನೊಂದು ಕಡೆ ಹಾಸ್ಟೆಲ್ ಹುಡುಗರ ಜಂಬ. ಎಷ್ಟು ಹೊಡೆದೆ ಅಂತ ಹೇಳ್ತಾರೆ, ಹೇಗಿತ್ತು ಅಂತ ಯಾರೂ ಹೇಳಲ್ಲ.

ಹೇಗಿದೆ ಅಂತ ಹೇಳಬೇಕಾದರೆ ಅದು ಏನು ಅಂತ ಮೊದಲು ಗೊತ್ತಿರಬೇಕು. ಕಬ್ಬಿನಿಂದ ಬಂದ ಹಾಲನ್ನೋ, ಬೆಲ್ಲವನ್ನೋ, ಸಕ್ಕರೆ ತೆಗೆದ ಮೇಲೆ ಉಳಿಯೋ ಕಾಕಂಬಿಯನ್ನೋ ಹುದುಗಿಸಿ ಬಟ್ಟಿ ಇಳಿಸಿದರೆ ರಮ್. ಅಷ್ಟೇ. ಗುಡ ಅಂದರೆ ಬೆಲ್ಲ. ಬೆಲ್ಲದ ಸುರೆಗೆ ಸಂಸ್ಕೃತದಲ್ಲಿ ಗೌಡೀ ಅಂತ ಹೆಸರಿದೆ. ಮನುಸ್ಮೃತಿ ಅದನ್ನು ಬೇಡ ಅನ್ನೋ ಪಟ್ಟಿಯಲ್ಲಿ ಹೇಳುತ್ತೆ. ಗಂಗರಾಜ ನಮ್ಮೂರು ಕಟ್ಟಿಸಿದ ಕಾಲಕ್ಕೆ ಹತ್ತಿರದಲ್ಲೇ, ಕಲ್ಯಾಣದ ಚಾಲುಕ್ಯ ದೊರೆ 3ನೇ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ರಾಜರ ವಿನೋದಗಳ ಸಾಲಿನಲ್ಲಿ ಮದಿರಾಪಾನಕ್ಕೂ ಜಾಗ ಕೊಟ್ಟ. ಹಾಗಂತ "ರಮ್ ಕಂಡುಹಿಡಿದವರು ನಾವೇ" ಅನ್ನೋ ವಾಟ್ಸಾಪ್ ಮೆಸೇಜನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಬೆಲ್ಲ ಹುದುಗಿಸೋದು ಬೇರೆ, ಬಟ್ಟಿ ಇಳಿಸಿ ಪೀಪಾಯಿಯಲ್ಲಿಟ್ಟು ಹಣ್ಣು ಮಾಡೋದು ಬೇರೆ.

ಕಬ್ಬು ಮಾತ್ರ ಈ ಕಡೆಯಿಂದ ಹೋದದ್ದು ನಿಜ. ಶರ್ಕರ ಅನ್ನೋ ಮಾತೇ ಪಶ್ಚಿಮಕ್ಕೆ ಹೋಗಿ ಶುಗರ್ ಆಯ್ತು. ಕೊಲಂಬಸ್ 1493ರ ಎರಡನೇ ಯಾತ್ರೆಯಲ್ಲಿ ಕಬ್ಬಿನ ಬಿತ್ತನೆಯನ್ನು ಕೆರಿಬಿಯನ್ ದ್ವೀಪಗಳಿಗೆ ಒಯ್ದ. 17ನೇ ಶತಮಾನದ ಬಾರ್ಬಡೋಸ್‌ನಲ್ಲಿ, ಆಫ್ರಿಕದಿಂದ ಹಿಡಿದು ತಂದ ಗುಲಾಮರು ಕಬ್ಬು ಕಡಿದು ಅರೆದು ಕಾಯಿಸಿದ ಮೇಲೆ ಮಿಕ್ಕ ಕಾಕಂಬಿಯಿಂದ ಆ ಘಾಟು ಪಾನೀಯ ಹುಟ್ಟಿತು. ಅದೇ ರಮ್ಮನ್ನು ಆಫ್ರಿಕದ ತೀರದಲ್ಲಿ ಇನ್ನಷ್ಟು ಗುಲಾಮರನ್ನು ಕೊಳ್ಳೋಕೆ ಬಳಸಿದರು. ಬ್ರಿಟಿಷ್ ನೌಕಾಪಡೆ 1655ರಲ್ಲಿ ಜಮೈಕ ಹಿಡಿದ ಮೇಲೆ ನಾವಿಕರಿಗೆ ರಮ್ ಅಳೆದು ಕೊಡೋ ಪದ್ಧತಿ ಬೆಳೀತು. ಕುಡಿದು ಬೀಳ್ತಾರೆ ಅಂತ 1740ರಲ್ಲಿ ಅಡ್ಮಿರಲ್ ವರ್ನನ್ ಅದಕ್ಕೆ ನೀರು ಬೆರೆಸೋಕೆ ಆರ್ಡರ್ ಮಾಡಿದ. ಆ ಪಡಿ ನಿಂತಿದ್ದು 1970ರ ಜುಲೈ 31ಕ್ಕೆ. ಗುಲಾಮಗಿರಿ ಮುಗಿದ ಮೇಲೆ ತೋಟಗಳಿಗೆ ಕೂಲಿ ಬೇಕಾಯ್ತಲ್ಲ, ಆಗ ಹಡಗು ಹತ್ತಿದವರು ಭಾರತದವರು. 1838ರಿಂದ 1917ರವರೆಗೆ ಗಯಾನಕ್ಕೆ ಕರಾರು ಕೂಲಿಗಳಾಗಿ ಹೋದರು. ಇವತ್ತು ಜಗತ್ತು ಕೊಂಡಾಡೋ ಡೆಮರಾರ ರಮ್ಮಿನ ಹಿಂದೆ ಆ ಕೈಗಳೂ ಇವೆ.

ರಮ್ ಭಾರತಕ್ಕೆ ತಿರುಗಿ ಬಂದಿದ್ದು ಸೈನ್ಯದ ಬೆನ್ನು ಹಿಡಿದು. 1855ರಲ್ಲಿ ಎಡ್ವರ್ಡ್ ಡಯರ್ ಅನ್ನೋನು ಕಸೌಲಿಯಲ್ಲಿ ಬಿಯರ್ ಕಾರ್ಖಾನೆ ಹಾಕಿದ. ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿಸಿದ ಜನರಲ್ ಡಯರ್ ಇವನ ಮಗ. ಸ್ವಾತಂತ್ರ್ಯ ಬಂದ ಮೇಲೆ ಆ ಕಂಪನಿ ಮೋಹನ್ ಕುಟುಂಬದ ಕೈಗೆ ಬಂತು, 1954ರಲ್ಲಿ ಓಲ್ಡ್ ಮಾಂಕ್ ತಂದಿತು, ಆಮೇಲೆ ಮೋಹನ್ ಮೀಕಿನ್ ಆಯ್ತು. ದೊಡ್ಡಪ್ಪನ ಕೊಟ್ಟಿಗೆಗೆ ಬಂದ ದಾರಿ ಇದು.

ನಮ್ಮ ಕಡೆ ಕಥೆ ಶುರುವಾಗೋದು ಕಾರ್ಖಾನೆಯಿಂದ. ಕೆಆರ್‌ಎಸ್ ನೀರು ಹರಿದ ಮೇಲೆ ಲೆಸ್ಲಿ ಕೋಲ್ಮನ್ ಅವರ ಒತ್ತಾಸೆಯಿಂದ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. ಹಾಸನದ ಕಡೆ 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದು, ನಾಲೆ ನೀರು ತಲುಪಿದ ಕಡೆಯೆಲ್ಲ ರಾಗಿ ಹೊಲದಲ್ಲಿ ಕಬ್ಬು ನಿಂತಿತು. ಚನ್ನರಾಯಪಟ್ಟಣದ ಹತ್ತಿರ ಹೇಮಾವತಿ ಸಹಕಾರಿ ಸಕ್ಕರೆ ಕಾರ್ಖಾನೆ ಆಯ್ತು. ಕಬ್ಬು ಅರೆದ ಕಡೆ ಕಾಕಂಬಿ ಇದ್ದೇ ಇರುತ್ತೆ. ಕಾಕಂಬಿ ಇದ್ದ ಕಡೆಗೆ ಡಿಸ್ಟಿಲರಿ ಬಂದೇ ಬರುತ್ತೆ.

ಇಲ್ಲಿಂದ ನನ್ನ ತಕರಾರು ಶುರು.

ಕಾಕಂಬಿಯನ್ನು ಎತ್ತರದ ಕಾಲಮ್ ಸ್ಟಿಲ್ಲಿನಲ್ಲಿ 96 ಪರ್ಸೆಂಟ್‌ವರೆಗೂ ಶುದ್ಧ ಮಾಡಿದರೆ ಕಬ್ಬಿನ ಗುರುತೇ ಉಳಿಯಲ್ಲ. ಬಣ್ಣ ಇಲ್ಲ, ರುಚಿ ಇಲ್ಲ, ಊರಿಲ್ಲ, ಹೆಸರಿಲ್ಲ. ಈ ಸ್ಪಿರಿಟ್ಟಿಗೆ ನೀರು ಬೆರೆಸಿ, ಸುಟ್ಟ ಸಕ್ಕರೆಯ ಬಣ್ಣ ಕೊಟ್ಟು, ಒಂದಿಷ್ಟು ಎಸೆನ್ಸ್ ಹಾಕಿ ದಶಕಗಳ ಕಾಲ ನಮಗೆ ಮಾರಿದ್ದು ಏನಂತ? ವಿಸ್ಕಿ ಅಂತ, ಬ್ರಾಂದಿ ಅಂತ. ವಿಸ್ಕಿ ಅಂದರೆ ಧಾನ್ಯದ್ದು, ಬ್ರಾಂದಿ ಅಂದರೆ ದ್ರಾಕ್ಷಿಯದ್ದು. ಕಾಕಂಬಿಯಿಂದ ಮಾಡಿದ್ದನ್ನು ಯುರೋಪಿನಲ್ಲಿ ವಿಸ್ಕಿ ಅಂತ ಲೇಬಲ್ ಹಚ್ಚಿ ಮಾರೋ ಹಾಗಿಲ್ಲ. ಅಂದರೆ "ಛೇ, ರಮ್ಮಾ? ಅದು ಡ್ರೈವರುಗಳು ಕುಡಿಯೋದು, ನಾನು ವಿಸ್ಕಿ ಮಾತ್ರ" ಅಂತ ಮೂಗು ಮುರಿದ ಎಷ್ಟೋ ಜನ ಜೀವನಪೂರ್ತಿ ಕುಡಿದಿದ್ದು ಕಬ್ಬಿನದ್ದೇ. ಒಂದೇ ತಾಯಿಯ ಮಕ್ಕಳಿಗೆ ಬೇರೆ ಬೇರೆ ಜಾತಿ ಸರ್ಟಿಫಿಕೇಟು.

ಆ ತಾಯಿಗೆ ಇನ್ನೊಬ್ಬ ಮಗ ಇದ್ದ, ಸಾರಾಯಿ. ಅದೂ ಕಾಕಂಬಿ ಸ್ಪಿರಿಟ್ಟೇ, ನೀರು ಬೆರೆಸಿ ಪ್ಯಾಕೆಟ್ಟಿಗೆ ತುಂಬಿದ್ದು. ನಮ್ಮ ಚಿಕ್ಕಪ್ಪ ಕುಡಿಯುತ್ತಿದ್ದದ್ದು ಅದನ್ನೇ. ದೊಡ್ಡಪ್ಪ ಮುಚ್ಚಳದಲ್ಲಿ ಅಳೆದರೆ ಚಿಕ್ಕಪ್ಪ ಹಲ್ಲಲ್ಲಿ ಪ್ಯಾಕೆಟ್ ಹರಿದು ಒಂದೇ ಗುಟುಕಿಗೆ ಮುಗಿಸೋರು. ಕೆಲಸಕ್ಕೆ ಹೋಗೋ ಮುಂಚೆ ಒಂದು, ಬಂದ ಮೇಲೆ ಲೆಕ್ಕ ಇಲ್ಲ. ಮೊದಲು ಕಾಮಾಲೆ ಅಂದರು. ನಾಟಿ ಔಷಧಿ ಕೊಡಿಸಿದ್ದಾಯ್ತು. ಲಿವರ್ ಹೋಗಿದೆ ಅಂತ ಗೊತ್ತಾಗೋ ಹೊತ್ತಿಗೆ ಹೊಟ್ಟೆ ಗಡಿಗೆ ಥರ ಊದಿತ್ತು. ತೀರಿಕೊಂಡಾಗ ಅವರಿಗೆ ನಲವತ್ತೂ ಆಗಿರಲಿಲ್ಲ. ರಮ್ಮಿನ ರುಚಿ ಬಗ್ಗೆ ಬರೀತೀನಿ ಅಂದಾಗ ಚಿಕ್ಕಮ್ಮ ನನ್ನನ್ನು ನೋಡಿದ ನೋಟ ಈ ಬರಹದ ಉದ್ದಕ್ಕೂ ನನ್ನ ಮುಂದೆ ಇದೆ. "ಅದ್ರಾಗೆ ರುಚಿ ಬೇರೆ ನೋಡ್ತೀಯೇನಪ್ಪ?" ಅಂದರು.

ಸರ್ಕಾರ 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿತು. ಹೆಂಗಸರು ಎಷ್ಟೋ ವರ್ಷ ಬೀದಿಗಿಳಿದು ಕೇಳಿದ್ದು ಅದನ್ನೇ. ಆದರೆ ಸ್ಪಿರಿಟ್ ಎಲ್ಲೂ ಹೋಗಲಿಲ್ಲ. ಬಣ್ಣ ಹಚ್ಚಿಕೊಂಡು, ಇಂಗ್ಲಿಷ್ ಹೆಸರಿಟ್ಟುಕೊಂಡು, ಹಣ್ಣಿನ ರಸದ ಥರದ ಪುಟ್ಟ ಡಬ್ಬಿಯಲ್ಲಿ ಕೂತು ವಾಪಸ್ ಬಂತು. ಕುಡಿಯೋರು ಅವರೇ, ಬೆಲೆ ಮಾತ್ರ ಜಾಸ್ತಿ. ರುಚಿಯ ವಿಚಾರ ಎತ್ತೋದು ಶೋಕಿ ಅಂತ ಚಿಕ್ಕಮ್ಮ ಅಂದುಕೊಂಡಿದ್ದಾರೆ. ನಾನು ಅವರಿಗೆ ಹೇಳೋಕಾಗದೆ ಇಲ್ಲಿ ಬರೀತಿರೋದು ಇಷ್ಟು: ಬಾಟ್ಲಿಯೊಳಗೆ ಏನಿದೆ ಅಂತ ಯಾರೂ ಕೇಳದ ಕಡೆ ಏನನ್ನು ಬೇಕಾದರೂ ತುಂಬಬಹುದು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಆಲ್ಕೋಹಾಲ್ ಬೆರೆತ ಅಗ್ಗದ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಬಡವರು ಕುಡಿಯೋದಕ್ಕೆ ರುಚಿ ಯಾಕೆ, ಕಿಕ್ ಇದ್ದರೆ ಸಾಕು ಅನ್ನೋ ಮನೋಭಾವಕ್ಕೂ ಆ ಸಾವಿಗೂ ಸಂಬಂಧ ಇಲ್ಲ ಅಂತ ನನಗೆ ಅನ್ನಿಸಲ್ಲ. ಒಳ್ಳೇ ರಮ್ ಕುಡಿದಿದ್ದರೆ ಚಿಕ್ಕಪ್ಪ ಉಳೀತಿದ್ದರು ಅಂತ ಹೇಳ್ತಿಲ್ಲ. ಅಷ್ಟು ಕುಡಿದರೆ ಯಾವುದಾದರೂ ಕೊಲ್ಲುತ್ತೆ. ಹಾಗೇ ನೆಗಡಿಗೆ ರಮ್ಮು ಮೆಣಸು, ಚಳಿಗೆ ರಮ್ಮು ಅನ್ನೋದೂ ಸುಳ್ಳೇ. ಚರ್ಮದ ಹತ್ತಿರ ರಕ್ತ ನುಗ್ಗಿ ಬೆಚ್ಚಗೆ ಅನ್ನಿಸುತ್ತೆ, ಒಳಗಿನ ಶಾಖ ಆಚೆ ಹೋಗುತ್ತಿರುತ್ತೆ. ಔಷಧಿ ಅನ್ನೋ ನೆಪ ಬಿಟ್ಟು, ರುಚಿಗೆ ಅಂತ ಒಪ್ಪಿಕೊಂಡು ಕುಡಿಯೋದು ಮರ್ಯಾದೆ.

ಸರಿ, ರುಚಿಗೆ ಬರೋಣ. ನನ್ನ ಪದ್ಧತಿ ಸುಲಭ. ಆಲೆಮನೆಯಲ್ಲಿ ದೊಡ್ಡಪ್ಪ ಬೆಲ್ಲಕ್ಕೆ ಕೇಳೋ ಪ್ರಶ್ನೆಗಳನ್ನೇ ರಮ್ಮಿಗೂ ಕೇಳೋದು. ಕಬ್ಬು ಕಾಣ್ತಿದೆಯಾ? ಪಾಕ ಹದವಾಗಿದೆಯಾ, ಸುಟ್ಟಿದೆಯಾ? ಒಗರು ಎಲ್ಲಿ ಬರುತ್ತೆ, ಮೊದಲಾ ಕೊನೆಗಾ? ನುಂಗಿದ ಮೇಲೆ ಬಾಯಲ್ಲಿ ಏನು ಉಳೀತು? ಮೊದಲ ಗುಟುಕಿಗೆ ಕೋಲಾ ಬೇಡ, ಐಸ್ ಬೇಡ. ಗಾಜಿನ ಲೋಟಕ್ಕೆ ಸ್ವಲ್ಪ ಹಾಕಿ, ಐದು ನಿಮಿಷ ಬಿಡಿ. ಬಾಯಿ ಸ್ವಲ್ಪ ತೆರೆದು ಮೂಸಿ, ಇಲ್ಲದಿದ್ದರೆ ಸ್ಪಿರಿಟ್ ಮೂಗಿಗೆ ಹೊಡೆಯುತ್ತೆ. ಆಮೇಲೆ ಚಮಚದಷ್ಟು ನೀರು. ನಮ್ಮ ಬಾಟ್ಲಿಗಳ ಮೇಲಿರೋ 42.8 ಪರ್ಸೆಂಟಿಗೆ ಆ ನೀರು ಬೇಕು, ವಾಸನೆ ಬಿಚ್ಚಿಕೊಳ್ಳುತ್ತೆ.

ಮೊದಲನೇ ಲೋಟ ಓಲ್ಡ್ ಮಾಂಕ್. ಇದರ ಮೇಲೆ ಪ್ರೀತಿ ಇಲ್ಲದವರು ನನ್ನ ವಯಸ್ಸಿನವರಲ್ಲಿ ಕಮ್ಮಿ. ಜಾಹೀರಾತಿನ ಅಬ್ಬರ ಇಲ್ಲದೆ ಬಾಯಿಂದ ಬಾಯಿಗೆ ಬೆಳೆದ ಹೆಸರು. ಮೂಗಿಗೆ ಮೊದಲು ಬರೋದು ವೆನಿಲಾ, ಆಮೇಲೆ ಸುಟ್ಟ ಸಕ್ಕರೆ, ಒಂಚೂರು ದ್ರಾಕ್ಷಿ. ದುಂಡಗಿದೆ, ಎಲ್ಲೂ ಚುಚ್ಚಲ್ಲ, ಬಿಸಿನೀರಿಗೆ ನಿಂಬೆಹಣ್ಣಿನ ಜೊತೆ ಇದಕ್ಕಿಂತ ಒಳ್ಳೇ ಸಂಗಾತಿ ಈ ಬೆಲೆಗೆ ಸಿಗಲ್ಲ. ಆದರೆ ದೊಡ್ಡಪ್ಪನ ಪ್ರಶ್ನೆ ಕೇಳಿದರೆ ತಬ್ಬಿಬ್ಬಾಗುತ್ತೆ. ಒಳ್ಳೇ ಪಾಯಸ, ಯಾವ ಬೆಲ್ಲದ ಪಾಯಸ ಅಂತ ಮಾತ್ರ ಗೊತ್ತಾಗಲ್ಲ.

ಎರಡನೇದು ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್‌ನ ಟೂ ಇಂಡೀಸ್. 1948ರಲ್ಲಿ ಶುರುವಾದ ಈ ಕಂಪನಿ ಸಿಂಗಲ್ ಮಾಲ್ಟ್ ವಿಸ್ಕಿಯಿಂದ ಜಗತ್ತಿಗೆ ಗೊತ್ತಾಯ್ತು. ಟೂ ಇಂಡೀಸ್‌ನಲ್ಲಿ ನಮ್ಮ ಬೆಲ್ಲದ ರಮ್ಮಿನ ಜೊತೆ ಕೆರಿಬಿಯನ್ ರಮ್ ಬೆರೆಸಿದ್ದಾರೆ. ಕೊಲಂಬಸ್ ಒಯ್ದ ಕಬ್ಬು ಐನೂರು ವರ್ಷದ ಮೇಲೆ ತೌರಿಗೆ ಬಂದ ಹಾಗೆ. ನನಗೆ ಕಂಡಿದ್ದು ಕಳಿತ ಬಾಳೆಹಣ್ಣಿನ ವಾಸನೆ, ಅದರ ಹಿಂದೆ ಬೆಲ್ಲ. ಇಬ್ಬರೂ ಒಟ್ಟಿಗೆ ಮಾತಾಡ್ತಾರೆ, ಕೆಲವು ಸಲ ನೆಂಟರ ದನಿಯೇ ಜೋರಾಗುತ್ತೆ. ಆದರೂ ಇಲ್ಲಿ ಮೊದಲ ಸಲ ಕಬ್ಬು ಬಾಯಿಗೆ ಸಿಕ್ಕಿತು.

ಮೂರನೇದು ಅದೇ ಕಂಪನಿಯ ಬೆಲ್ಲ. ಹೌದು, ಹೆಸರೇ ಬೆಲ್ಲ. ಪೂರ್ತಿ ಬೆಲ್ಲದಿಂದಲೇ ಮಾಡಿ ಓಕ್ ಪೀಪಾಯಿಯಲ್ಲಿ ಇಟ್ಟಿದ್ದು. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2 ಪರ್ಸೆಂಟ್ ಆವಿಯಾಗಿ ಹೋದರೆ ಬೆಂಗಳೂರಿನಲ್ಲಿ 10 ದಾಟುತ್ತೆ. ಮರದ ಗುಣವೂ ಅಷ್ಟೇ ಬೇಗ ಹತ್ತುತ್ತೆ. ಬೆಳಿಗ್ಗೆ ಅಚ್ಚು ಬೆಲ್ಲ ಒಡೆದಾಗ ಬರೋ ಆ ಲವಣದ ವಾಸನೆ ಇದೆಯಲ್ಲ, ಸಿಹಿಯೊಳಗೆ ಒಂದು ಹರಳು ಉಪ್ಪು, ಅದು ಲೋಟದಲ್ಲಿ ಇತ್ತು. ನನಗೆ ನಗು ಬಂತು, ನಿಜವಾಗಿ. ಆಕ್ಷೇಪಣೆ ಎರಡು. ಮರದ ಒಗರು ಕೊನೆಗೆ ಸ್ವಲ್ಪ ಮುಂದೆ ನುಗ್ಗುತ್ತೆ. ಇನ್ನು ಬೆಲೆ, ಅದು ಓಲ್ಡ್ ಮಾಂಕಿನ ಹಲವು ಪಟ್ಟು. ನಂಜನಗೂಡಿನಿಂದ ಬರೋ ಹುಲಿ ಕೂಡ ಬೆಲ್ಲದ ಸ್ಪಿರಿಟ್ಟೇ. ಎರಡಕ್ಕೂ ಕನ್ನಡದ ಹೆಸರು ಅನ್ನೋದು ಸಂತೋಷ. ಆದರೆ ಬೆಲ್ಲ ಅನ್ನೋ ಹೆಸರಿಗೆ ಇಷ್ಟು ಮರ್ಯಾದೆ ಬಂದಾಗ ಬೆಲ್ಲ ಹಾಕೋರಿಗೂ ಬರಬೇಕಲ್ಲ? ಬಣ್ಣ ಬೆಳ್ಳಗಾಗಲಿ ಅಂತ ಹೈಡ್ರೋಸ್ ಸುರಿದರೆ ಮಾತ್ರ ಮಂಡಿಯಲ್ಲಿ ರೇಟು ಸಿಗೋ ಕಾಲದಲ್ಲಿ, ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆದು ಕಪ್ಪು ಬೆಲ್ಲ ಮಾಡೋನು ಇನ್ನೂ ಇದ್ದಾನೆ. ಯಾವ ಸೀಮೆ, ಯಾವ ತಳಿ, ಹೊಸ ನಾಟಿಯೋ ಕೂಳೆಯೋ ಅಂತ ಬಾಟ್ಲಿ ಮೇಲೆ ಬರೆಯೋ ರೂಢಿ ಬಂದರೆ ಅವನಿಗೊಂದು ಬೆಲೆ ಸಿಕ್ಕೀತು. ದ್ರಾಕ್ಷಿ ತೋಟದ ಹೆಸರು ವೈನ್ ಬಾಟ್ಲಿ ಮೇಲೆ ಬರುತ್ತೆ, ಆಲೆಮನೆಯ ಹೆಸರು ಯಾಕೆ ಬರಬಾರದು?

ಹೋದ ಹಬ್ಬಕ್ಕೆ ಊರಿಗೆ ಹೋದಾಗ ಆ ಬಾಟ್ಲಿಯಲ್ಲಿ ಮಿಕ್ಕಿದ್ದನ್ನು ದೊಡ್ಡಪ್ಪನಿಗೆ ಒಯ್ದೆ. ಈಗ ಎಂಬತ್ತು ದಾಟಿದೆ, ಡಾಕ್ಟರು ಬೇಡ ಅಂದಿದ್ದಾರೆ, ಅವರೂ ಬಿಟ್ಟಿದ್ದಾರೆ. ಕೊಟ್ಟಿಗೆಯಲ್ಲಿ ದನ ಇಲ್ಲ, ಅಟ್ಟ ಇದೆ. ಮುಚ್ಚಳಕ್ಕೆ ಎರಡು ಹನಿ ಬಿಟ್ಟು ಕೊಟ್ಟೆ. ಬೆರಳದ್ದಿ ನಾಲಿಗೆ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ನಾನು ಕಾದೆ.

"ಕಬ್ಬು ಅದೆ" ಅಂದರು. "ಪಾಕ ಚೆನ್ನಾಗಿ ಬಂದದೆ. ತೊಗಟೆ ಒಗರು ಒಂಚೂರು ಮುಂದಾಗದೆ ನೋಡು." ಆಮೇಲೆ ಬಾಟ್ಲಿ ತಿರುಗಿಸಿ ನೋಡಿ, "ಎಷ್ಟ್ಲಾ ಇದಕ್ಕೆ?" ಅಂದರು. ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು.

"ಇಷ್ಟು ದುಡ್ಡಿಗೆ ಎಷ್ಟು ಅಚ್ಚು ಬೆಲ್ಲ ಬತ್ತದೆ ಗೊತ್ತೇನ್ಲಾ?"

ಒಳಗಿಂದ ಚಿಕ್ಕಮ್ಮ ಊಟಕ್ಕೆ ಕರೆದರು. ದೊಡ್ಡಪ್ಪ ಮುಚ್ಚಳ ತೊಳೆದು, ಒರೆಸಿ, ಬಾಟ್ಲಿಗೆ ಹಾಕಿ ನನ್ನ ಕೈಗೆ ಕೊಟ್ಟರು. ಅಟ್ಟದ ಮೇಲೆ ಇಡಲಿಲ್ಲ.